ನಲವತ್ತಾರು ಎಕರೆಗೆ ಚರಗ

ಆ ಅಕ್ಟೋಬರ್‌ನಲ್ಲಿ ಓಕ್ ಕಾಯಿಗಳು ಉದುರುತ್ತಿದ್ದ ರಭಸಕ್ಕೆ ನಾನು ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಕಾಡಿನೊಳಗೆ ಹೋಗುತ್ತಿದ್ದೆ. ಓಕ್ ಮರ ಪ್ರತಿ ವರ್ಷ ಹೀಗೆ ಕಾಯಿ ಬಿಡುವುದಿಲ್ಲ. ನಾಲ್ಕೈದು ವರ್ಷ ಕೈ ಬಿಗಿಹಿಡಿದು, ಒಂದು ವರ್ಷ ಇದ್ದಬದ್ದದ್ದನ್ನೆಲ್ಲ ಸುರಿದುಬಿಡುತ್ತದೆ. ಆ ವರ್ಷಕ್ಕಾಗಿಯೇ ನಾವು ಕಾದಿದ್ದೆವು. ನ್ಯೂಜೆರ್ಸಿಯ ವಾಯವ್ಯ ಮೂಲೆಯ ಒಂದು ಗುಡ್ಡದ ಮೇಲೆ ನಲವತ್ತಾರು ಎಕರೆ ಕಾಡು, ಅದರಲ್ಲಿ ಹದಿನೆಂಟು ಎಕರೆ ಒಳ್ಳೆಯ ಓಕ್. ಮರಗಳೆಲ್ಲ ಎಂಬತ್ತು ತೊಂಬತ್ತು ವರ್ಷದ ಅಜ್ಜಂದಿರು. ಅವುಗಳ ಕೆಳಗೆ ಮಕ್ಕಳೂ ಇಲ್ಲ, ಮೊಮ್ಮಕ್ಕಳೂ ಇಲ್ಲ. ಮೊಣಕಾಲೆತ್ತರದ ಜರಿಗಿಡ ಮಾತ್ರ.

ನನ್ನ ಕೆಲಸ ಆ ಕಾಡಿಗೆ ಮಕ್ಕಳಾಗುವಂತೆ ನೋಡಿಕೊಳ್ಳುವುದು. ನಮ್ಮ ಆಫೀಸು ಖಾಸಗಿ ಕಾಡುಗಳ ಮಾಲೀಕರಿಗೆ ಯೋಜನೆ ಬರೆದು ಕೊಡುತ್ತಿತ್ತು: ಯಾವ ಮರ ಕಡಿಯಬೇಕು, ಯಾವುದು ಬಿಡಬೇಕು, ಕಡಿದಷ್ಟು ಮತ್ತೆ ಬೆಳೆಯುತ್ತದೋ ಇಲ್ಲವೋ. ಈ ಕಾಡಿನ ಮಾಲೀಕರು ಕನ್ನಡದವರು ಎಂದು ತಿಳಿದದ್ದೇ ತಡ, ನನ್ನ ಬಾಸ್ ಫೈಲನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಓಲ್ಡ್ ಬ್ರಿಡ್ಜ್‌ನಿಂದ ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಕೆಲಸಕ್ಕೆ ಬರುತ್ತಿದ್ದವಳು. ಕನ್ನಡ ಮಾತಾಡಿಕೊಂಡು ಕೆಲಸ ಮಾಡಬಹುದೆಂದು ಖುಷಿಯೇ ಆಯಿತು.

ಮಾಲೀಕರಿಗೆ ಪಾರ್ಸಿಪನಿಯಲ್ಲಿ ಸಾಫ್ಟ್‌ವೇರ್ ಕನ್ಸಲ್ಟೆನ್ಸಿ. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳ ತಾರೀಕು ತಿದ್ದುವ ವೈಟೂಕೆ ಭರಾಟೆಯಲ್ಲಿ ಅವರ ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ಅವರ ಸ್ನೇಹಿತರೆಲ್ಲ ಷೇರು ಕೊಳ್ಳುತ್ತಿದ್ದ ಕಾಲದಲ್ಲಿ ಇವರು ಕಾಡು ಕೊಂಡಿದ್ದರು. ಕೊಳ್ಳಿಸಿದ್ದು ಅವರ ಹೆಂಡತಿ. ಖರೀದಿ ಪತ್ರದಲ್ಲಿ ಇಬ್ಬರ ಹೆಸರೂ ಇತ್ತು, ಯಾರ ಸಹಿಯಾದರೂ ನಡೆಯುತ್ತಿತ್ತು. ನಾನು ಇಬ್ಬರನ್ನೂ ಅಂಕಲ್, ಆಂಟಿ ಎನ್ನುತ್ತಿದ್ದೆ. ವಿಜಾಪುರದ ಕಡೆಯವರು. ಆಂಟಿ ಮೊದಲ ಭೇಟಿಯಲ್ಲೇ ನನಗೆ ಕಾರಣ ಹೇಳಿದ್ದರು: "ಹೊಲ ಇಲ್ಲದ ಮನಿಗೆ ಹುಣ್ಣಿವಿ ಯಾಕ, ಅಮಾಸಿ ಯಾಕ ತಂಗಿ?" ಆ ಮನೆಯಲ್ಲಿ ಯಾರೂ ಅದನ್ನು ಕಾಡು ಎನ್ನುತ್ತಿರಲಿಲ್ಲ. ಹೊಲಕ್ಕೆ ಹೋಗೋಣ, ಹೊಲಕ್ಕೆ ಕರಡಿ ಬಂದಿತ್ತಂತೆ, ಹೀಗೆಯೇ ಮಾತು.

ಅಂಕಲ್ ನನಗೆ ಹಾಕಿದ ಷರತ್ತು ಒಂದೇ. "ಕೊಲ್ಲೂದೊಂದು ಬ್ಯಾಡ. ಉಳಿದದ್ದೆಲ್ಲ ನಿನಗ ಬಿಟ್ಟದ್ದು." ಕಾಡಿನ ಸುತ್ತ ಬೇಟೆ ನಿಷೇಧದ ಬೋರ್ಡುಗಳನ್ನು ಅವರೇ ನಿಂತು ಹೊಡೆಸಿದ್ದರು.

ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನ್ಯೂಜೆರ್ಸಿಯ ಕಾಡುಗಳಲ್ಲಿ ಎಳೆ ಓಕ್ ಇಲ್ಲದಿರುವುದಕ್ಕೆ ದೊಡ್ಡ ಕಾರಣ ಜಿಂಕೆ. ತೋಳಗಳು ಎಂದೋ ಹೋದವು. ಜಿಂಕೆಗಳು ಹಿತ್ತಲಿಗೆ ಬಂದು ಟುಲಿಪ್ ತಿನ್ನುವಷ್ಟು ಬೆಳೆದವು. ಮೊಳಕೆಯೊಡೆದ ಓಕ್ ಸಸಿ ಅವಕ್ಕೆ ಕೊತ್ತಂಬರಿ ಸೊಪ್ಪಿದ್ದ ಹಾಗೆ. ಮರ ಕಡಿದು ಬೆಳಕು ಬಿಡುವ ಮುಂಚೆ ಜಿಂಕೆಗಳ ಸಂಖ್ಯೆ ಇಳಿಸಬೇಕು, ಅಂದರೆ ಬೇಟೆಗಾರರನ್ನು ಒಳಗೆ ಬಿಡಬೇಕು. ಇದು ನನಗೆ ಗೊತ್ತಿತ್ತು. ಆದರೆ ನಾನು ಮೈಸೂರಿನ ಮುಸ್ಲಿಮರ ಮನೆಯವಳು, ಅವರು ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರು. ಬೇಟೆಗೆ ಬಿಡಿ ಎಂದು ನನ್ನ ಬಾಸ್ ಹೇಳಿದರೆ ಅದು ಅರಣ್ಯಶಾಸ್ತ್ರ. ನಾನು ಹೇಳಿದರೆ ಅದಕ್ಕೆ ಬೇರೊಂದು ಅರ್ಥ ಅಂಟಿಕೊಳ್ಳುತ್ತದೆ ಎಂದು ನಾನೇ ಊಹಿಸಿಕೊಂಡೆ. ಅವರು ಹಾಗೆ ಯೋಚಿಸುವವರೇ ಎಂದು ಪರೀಕ್ಷಿಸಲೂ ಹೋಗಲಿಲ್ಲ. ಯೋಜನೆಯಲ್ಲಿ ಜಿಂಕೆಯ ಪುಟ ಬಂದಾಗ 'ಗಮನಿಸುತ್ತಿರುವುದು' ಎಂದು ಬರೆದು ಮುಂದಿನ ಪುಟಕ್ಕೆ ಹೋದೆ. ಬಾಸ್ ಅದರ ಮೇಲೆ ಪೆನ್ಸಿಲ್ ಇಟ್ಟು ನನ್ನ ಮುಖ ನೋಡಿದರು. ನಾನು ಏನೋ ಸಮಜಾಯಿಷಿ ಕೊಟ್ಟೆ.

ಕಾಯಿ ಉದುರುತ್ತಿದ್ದ ಅದೇ ವಾರ ಸೀಗಿ ಹುಣ್ಣಿಮೆ ಬಂತು. ಅವರ ಕಡೆ ಅಂದು ಭೂಮಿತಾಯಿಗೆ ಸೀಮಂತ. ಬೆಳೆ ಹೊತ್ತ ಹೊಲಕ್ಕೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ತುಂಬ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಪಾರ್ಸಿಪನಿಯಿಂದ ನಾಲ್ಕು ಮಿನಿವ್ಯಾನ್ ಜನ ಬಂದರು. ಹೋಳಿಗೆ, ಕಡುಬು, ಕಡಕ್ ರೊಟ್ಟಿ, ಎಣ್ಣೆಗಾಯಿ, ಎಡಿಸನ್ ಊರಿನ ಇಂಡಿಯನ್ ಅಂಗಡಿಯ ಸೊಪ್ಪಿನ ಪುಂಡಿಪಲ್ಲೆ. ನನ್ನನ್ನೂ ಕರೆದಿದ್ದರು. ಒಂದು ದೊಡ್ಡ ಓಕ್ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿದ ಮೇಲೆ ಆಂಟಿ ಚರಗದ ಬುಟ್ಟಿಯನ್ನು ಸೀದಾ ತಂದು ನನ್ನ ಕೈಗಿಟ್ಟರು. ಈ ಹೊಲ ನೋಡಿಕೊಳ್ಳುವವಳು ನೀನೇ ಅಲ್ಲವೇ, ಮೊದಲ ಹಿಡಿ ನಿನ್ನದೇ ಎಂದರು. ನನಗೆ ಕಣ್ಣು ತುಂಬಿ ಬಂತು. ಆ ದೇಶಕ್ಕೆ ಹೋದ ಮೇಲೆ ಯಾರೂ ನನ್ನನ್ನು ಅಷ್ಟು ಹಕ್ಕಿನಿಂದ ಒಳಗೆ ಎಳೆದುಕೊಂಡಿರಲಿಲ್ಲ. ನಾನು ನಾಲ್ಕು ದಿಕ್ಕಿಗೂ ಚೆಲ್ಲಿದೆ.

ಆಮೇಲೆ ಅಂಕಲ್ ವ್ಯಾನಿನಿಂದ ಎರಡು ಮೂಟೆ ಒಣ ಮೆಕ್ಕೆಜೋಳ ಇಳಿಸಿದರು. ಇಷ್ಟು ದೊಡ್ಡ ಹೊಲಕ್ಕೆ ಒಂದು ಬುಟ್ಟಿ ಚರಗ ಎಲ್ಲಿ ಸಾಲುತ್ತದೆ ಎಂದು ಆಂಟಿ ಕೇಳಿದರಂತೆ. ಜೋಳ ಎಂದರೆ ಜಿಂಕೆಗೆ ಔತಣ ಎಂದು ನನಗೆ ಗೊತ್ತು. ವರ್ಷಕ್ಕೊಂದು ದಿನ ತಾನೆ ಎಂದುಕೊಂಡು ಅದನ್ನೂ ಚೆಲ್ಲಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಚಳಿಗಾಲ ಬಂತು. ಏಳು ವಾರ ನಾನು ನೀಲಿ ಬಣ್ಣ ಚಿಮ್ಮಿಸುವ ಗನ್ ಹಿಡಿದು ಮರ ಗುರುತು ಮಾಡಿದೆ. ಎದೆಯೆತ್ತರದಲ್ಲಿ ಒಂದು ಗುರುತು, ಕಡಿದ ಮೇಲೂ ಲೆಕ್ಕ ಸಿಗಲೆಂದು ಬುಡದಲ್ಲಿ ಒಂದು. ಸೊಟ್ಟಗಿನವು, ಕೊಳೆತವು, ಇನ್ನೊಂದರ ನೆತ್ತಿ ಅಮುಕುತ್ತಿದ್ದವು ಹೋಗಬೇಕು. ನೆಟ್ಟಗೆ ಬೆಳೆದ, ಒಳ್ಳೆ ಕಾಯಿ ಬಿಡುವ ಮರಗಳು ನಿಲ್ಲಬೇಕು. ನೆಲ ಹೆಪ್ಪುಗಟ್ಟಿದ ಮೇಲೆ ಮರ ಕಡಿಯುವ ಕಂಟ್ರಾಕ್ಟರ್ ತನ್ನ ಯಂತ್ರ ಇಳಿಸಿದ. ಅರವತ್ತರ ಹತ್ತಿರದ ಆಸಾಮಿ, ಅದೇ ಗುಡ್ಡದಲ್ಲಿ ಹುಟ್ಟಿದವನು, ನವೆಂಬರ್ ಬಂದರೆ ಬೇಟೆಗಾರ. ಬೀಳಿಸಿದ ಮರದ ತಲೆಯ ಕೊಂಬೆಗಳನ್ನು ಹಾಗೆಯೇ ಗೋಜಲಾಗಿ ಬಿಡು, ಒಳಗೆ ಸಸಿಗಳಿಗೆ ಮರೆಯಾಗುತ್ತದೆ ಎಂದು ನಾನು ಅವನಿಗೆ ಹೇಳಿದ್ದೆ. ಒಂದು ಭಾನುವಾರ ಅಂಕಲ್ ಬಂದು ನೋಡಿ, ಹೊಲ ಕಸ ಚೆಲ್ಲಿದ ಹಾಗೆ ಕಾಣುತ್ತದೆ, ಸ್ವಲ್ಪ ಸ್ವಚ್ಛ ಮಾಡಿಸು ಎಂದರು. ನಾನು ಅದಕ್ಕೂ ಹೂಂ ಎಂದೆ. ಕೊಂಬೆಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸಿ ಮಲಗಿಸಿದರು. ದಾಕ್ಷಿಣ್ಯಕ್ಕೆ ಬಸುರಾಗುವುದು ಎಂದು ನಮ್ಮಜ್ಜಿ ಬೈಯುತ್ತಿದ್ದದ್ದು ಇಂಥವರನ್ನೇ.

ಮೇ ತಿಂಗಳಲ್ಲಿ ಸಸಿ ಎದ್ದವು. ಎಣಿಸುವ ಕ್ರಮ ಸರಳ. ಒಂದು ಗೂಟ, ಅದಕ್ಕೆ ನಾಲ್ಕಡಿಗೆ ತುಸು ಕಡಿಮೆ ಉದ್ದದ ಹಗ್ಗ. ಗೂಟ ನೆಟ್ಟು ಹಗ್ಗ ತಿರುಗಿಸಿದರೆ ಎಕರೆಯ ಸಾವಿರದಲ್ಲೊಂದು ಭಾಗದ ವೃತ್ತ ಸಿಗುತ್ತದೆ. ಅದರೊಳಗೆ ಮಂಡಿಯೂರಿ ಎಣಿಸುವುದು. ಹದಿನೆಂಟು ಎಕರೆಗೆ ಅರವತ್ತು ವೃತ್ತ ಹಾಕಿದ್ದೆ. ವೃತ್ತಕ್ಕೆ ಆರು, ಏಳು, ಕೆಲವು ಕಡೆ ಹನ್ನೊಂದು. ಕೆಂಪು ಛಾಯೆಯ ಎರಡೆರಡು ಎಲೆ. ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿ ಹೇಳಿ ಅವನ ತಲೆ ತಿಂದೆ.

ಆಗಸ್ಟ್‌ನಲ್ಲಿ ವೃತ್ತಕ್ಕೆ ಮೂರು ಉಳಿದಿದ್ದವು. ಸೆಪ್ಟೆಂಬರ್ ಮೊದಲ ವಾರ ಒಂದು. ಚಿವುಟಿದ ತುದಿಗಳನ್ನು ನೋಡಿದರೆ ಜಿಂಕೆಯದೇ ಕೆಲಸ. ಮೊಲವಾದರೆ ಚಾಕುವಿನಿಂದ ಕೊಯ್ದ ಹಾಗಿರುತ್ತದೆ, ಜಿಂಕೆಯದು ಹರಿದ ಹಾಗೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೇರೆ ಕಾಡುಗಳ ಕೆಲಸ ಬಿಟ್ಟು ವಾರಕ್ಕೆ ಮೂರು ಸಲ ಅಲ್ಲಿಗೆ ಹೋಗುತ್ತಿದ್ದೆ. ಎಣಿಸಿದ ವೃತ್ತಗಳನ್ನೇ ಮತ್ತೆ ಎಣಿಸುತ್ತಿದ್ದೆ, ಮೊನ್ನೆ ತಪ್ಪಿ ಕಡಿಮೆ ಎಣಿಸಿದ್ದೇನೋ ಎಂಬ ಹಾಗೆ. ಅಡುಗೆ ಸೀಯುತ್ತಿತ್ತು. ಸಾಫ್ಟ್‌ವೇರ್ ಬರೆಯುವ ನನ್ನ ಗಂಡ, ತನ್ನ ಕೋಡಿನಲ್ಲಿ ತಪ್ಪಾದರೆ ಹಿಂದಿನ ವರ್ಷನ್‌ಗೆ ಹೋಗಬಹುದು, ನಿನಗೆ ಆ ಅನುಕೂಲ ಇಲ್ಲವಲ್ಲ ಎಂದು ಕನಿಕರದಿಂದಲೇ ಹೇಳಿದ, ನಾನು ಅವನ ಮೇಲೆ ರೇಗಿದೆ. ಅವನು ಹೇಳಿದ್ದು ನಿಜ. ಅರ್ಧ ಮರಗಳನ್ನು ಕಡಿಸಿಯಾಗಿತ್ತು. ಈ ಸಸಿಗಳು ಹೋದರೆ ಆ ಬೆಳಕಿಗೆ ಮುಳ್ಳುಪೊದೆಯೂ ಜರಿಗಿಡವೂ ಏಳುತ್ತವೆ, ಓಕ್ ಮತ್ತೆ ಏಳುವುದಿಲ್ಲ. ತೊಂಬತ್ತು ವರ್ಷದ ಕಾಡನ್ನು ನನ್ನ ಸಹಿಯಿಂದ ಮುಗಿಸಿದಂತೆ.

ಒಂದು ವಿಷಯ ಮಾತ್ರ ತಲೆಗೆ ಹತ್ತಲಿಲ್ಲ. ಕಲ್ಲುಗೋಡೆಯ ಆಚೆ ಪಕ್ಕದವರ ಕಾಡಿನಲ್ಲೂ ಜಿಂಕೆ ಇದ್ದವು, ಅಲ್ಲಿ ಸಸಿಗಳು ಅಷ್ಟಿಷ್ಟು ಉಳಿದಿದ್ದವು. ನಮ್ಮಲ್ಲಿ ಮಾತ್ರ ಏಕೆ ಇಷ್ಟು ಮೇಯ್ದುಹೋಗಿವೆ? ಕಂಟ್ರಾಕ್ಟರನನ್ನು ಕೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದು, ಗುರುವಾರ ಬೆಳಿಗ್ಗೆ ಬಂದು ನೋಡು ಎಂದ. ಗುರುವಾರ ನನಗೆ ಆಫೀಸಿನ ದಿನ, ಅಂದು ಕಾಡಿಗೆ ಹೋದದ್ದೇ ಇರಲಿಲ್ಲ.

ಗುರುವಾರ ಹತ್ತು ಗಂಟೆಗೆ ಆಂಟಿಯ ವ್ಯಾನು ಪೂಜೆಯ ಮರದ ಹತ್ತಿರ ನಿಂತಿತ್ತು. ಅವರು ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು, ಐವತ್ತು ಪೌಂಡಿನ ಮೂಟೆಯ ಬಾಯಿ ಬಿಚ್ಚಿ ಜೋಳ ಎರಚುತ್ತಿದ್ದರು. ಎದುರಿಗೆ ಹದಿನಾಲ್ಕು ಜಿಂಕೆ. ನನ್ನನ್ನು ಕಂಡು ಅವು ಬೆದರಲೂ ಇಲ್ಲ, ಒಮ್ಮೆ ಕಿವಿ ತಿರುಗಿಸಿ ಮೇಯ್ದವು. ಅವರ ಕಡೆ ಜಿಂಕೆಗೆ ಚಿಗರಿ ಎನ್ನುತ್ತಾರೆ. ಆಂಟಿ ಸಂಭ್ರಮದಿಂದ ಪರಿಚಯ ಮಾಡಿಸಿದರು: ಇದು ಮರಿ ಹಾಕಿದ ಚಿಗರಿ, ಇದು ಕುಂಟ, ಇದು ಹೊಟ್ಟೆಬಾಕ. ಹೋದ ವರ್ಷದ ಸೀಗಿ ಹುಣ್ಣಿಮೆಯಿಂದ ಒಂದು ವಾರವೂ ತಪ್ಪಿಸಿರಲಿಲ್ಲವಂತೆ. ಮಕ್ಕಳು ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದು ಪದ ಎಸೆದು ಹೋಗುತ್ತಾರೆ, ಗಂಡ ಫೋನಿನಲ್ಲಿರುತ್ತಾನೆ, ಇಲ್ಲಿ ಬಂದರೆ ಕರೆದವರು ಬರುತ್ತಾರೆ ಎಂದರು.

ನಾನು ವಾಪಸ್ ಬಂದೆ. ಕಾರಿನಲ್ಲಿ ಕೂತು ಅತ್ತೆ.  ಐದನೆಯ ದಿನ ಬಾಸ್ ಮುಂದೆ ಎಲ್ಲ ಹೇಳಿದೆ, ನಾನೂ ಚೆಲ್ಲಿದ್ದನ್ನೂ ಸೇರಿಸಿ. ಅವರು ನನ್ನ ಯೋಜನೆ ತೆರೆದು ಜಿಂಕೆಯ ಪುಟದ ಮೇಲೆ ಬೆರಳಿಟ್ಟರು. ಎರಡು ದಾರಿ ಇದೆ ಎಂದರು: ಈ ನವೆಂಬರ್‌ನಲ್ಲೇ ಬೇಟೆಗೆ ಒಪ್ಪಿಗೆ ತರುವುದು, ಇಲ್ಲವೇ ನಾವು ಈ ಕಾಡಿನಿಂದ ಕೈ ತೊಳೆದುಕೊಳ್ಳುವುದು. ನಾನು ಒಪ್ಪಿಗೆ ತರುತ್ತೇನೆಂದೆ.

ಮುಂದಿನ ಗುರುವಾರ ಮೂಟೆ ಇಳಿಸುವ ಮೊದಲೇ ಆಂಟಿಯನ್ನು ನಿಲ್ಲಿಸಿದೆ. ಮಾತಿನಲ್ಲಿ ಹೇಳಲು ಧೈರ್ಯ ಸಾಲದೆ ಗೂಟವನ್ನೂ ಹಗ್ಗವನ್ನೂ ಅವರ ಕೈಗೆ ಕೊಟ್ಟೆ. ಮೇ ತಿಂಗಳ ನನ್ನ ಪುಸ್ತಕ ತೆರೆದು, ವೃತ್ತಕ್ಕೆ ಏಳಿತ್ತು, ಈಗ ನೀವೇ ಎಣಿಸಿ ಎಂದೆ. ಅವರು ಸೀರೆ ಎತ್ತಿ ಕಟ್ಟಿ ಮಂಡಿಯೂರಿದರು. ಮೊದಲ ವೃತ್ತ, ಸೊನ್ನೆ. ಎರಡನೆಯದು, ಸೊನ್ನೆ. ಎಲೆಗಳನ್ನು ಕೈಯಿಂದ ಸರಿಸಿ ಸರಿಸಿ ಹುಡುಕಿದರು. ಹನ್ನೊಂದನೆಯ ವೃತ್ತದಲ್ಲಿ ತುದಿ ಹರಿದ ಒಂದು ಕಡ್ಡಿ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಕೂತರು.

"ನಾ ಒಕ್ಕಲಗಿತ್ತಿ ಮಗಳು. ಪೀಕು ಮೇದು ಹೋಗಿದ್ದು ನನಗ ತಿಳಿಯೂದಿಲ್ಲೇನು? ಹೋದ ವರ್ಷನ ಯಾಕ ಹೇಳಲಿಲ್ಲ ತಂಗಿ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀವು ತಿನ್ನದವರು, ನಾವು ತಿನ್ನುವವರು, ಬೇಟೆಯ ಮಾತು ನನ್ನ ಬಾಯಿಂದ ಬಂದರೆ ಏನಂದುಕೊಳ್ಳುತ್ತೀರೋ ಎಂದು ಹೆದರಿದೆ.

"ನಾ ಏನ್ ಅಂದ್ಕೋತೀನಿ ಅನ್ನೂದನ್ನ ನೀನ ಅಂದ್ಕೊಂಡ್ಯಾ?" ಎಂದರು. ಸಿಟ್ಟಿಗಿಂತ ನೋವಿತ್ತು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು.

ಜೇಬಿನಲ್ಲಿ ಒಪ್ಪಿಗೆಯ ಕಾಗದ ಇತ್ತು. ಅಷ್ಟರಲ್ಲಿ ಜಿಂಕೆಗಳು ಮರಗಳ ಸಂದಿಯಿಂದ ಬಂದು ನಿಂತವು, ಮೂಟೆ ಏಕೆ ಬಿಚ್ಚಿಲ್ಲ ಎಂದು ಕಾಯುವ ಹಾಗೆ. ಆಂಟಿ ಅವುಗಳ ಕಡೆ ನೋಡಿ ಹೇಳಿದ ಮಾತು ನನಗೆ ಇಂದಿಗೂ ಮರೆತಿಲ್ಲ. "ಕಾಗದಕ್ಕ ಸೈನ್ ಹಾಕಿದ್ರ ಇವು ಓಡೂದಿಲ್ಲ. ನಾ ಕರದ್ರ ಬಂದ್ಹಂಗ ಬಂದೂಕಿನ ಮುಂದೂ ಬಂದು ನಿಲ್ತಾವ. ಮನಷ್ಯಾರನ್ನ ನಂಬೂದು ಕಲಿಸಿದಾಕಿ ನಾನ."

ನಾನು ಕಾಗದವನ್ನು ಹೊರಗೆ ತೆಗೆಯಲಿಲ್ಲ. ಈ ನವೆಂಬರ್ ಬಿಟ್ಟರೆ ಇನ್ನೊಂದು ವರ್ಷ ಕಳೆಯುತ್ತದೆ, ಹದಿನೆಂಟು ಎಕರೆಯನ್ನೂ ಉಳಿಸಲಾಗುವುದಿಲ್ಲ, ಬಾಸ್ ನನ್ನನ್ನು ಬಿಡುವುದಿಲ್ಲ, ಎಲ್ಲ ಗೊತ್ತಿತ್ತು. ಕೈಯಿಂದ ಉಣ್ಣುವ ಪ್ರಾಣಿಯನ್ನು ಹೊಡೆಸಲು ನನಗೂ ಮನಸ್ಸು ಬರಲಿಲ್ಲ. ಮಾಂಸ ತಿಂದು ಬೆಳೆದವಳಿಗೂ ಅಷ್ಟು ನ್ಯಾಯ ತಿಳಿಯುತ್ತದೆ. ಈ ವರ್ಷ ಬೇಟೆ ಬೇಡ, ಒಂದು ತುಂಡು ನೆಲಕ್ಕೆ ಬೇಲಿ ಹಾಕಿ ಅಷ್ಟನ್ನಾದರೂ ಉಳಿಸೋಣ ಎಂದೆ. ಎಂಟಡಿ ಎತ್ತರದ ಬಲೆ ತರಿಸುವುದು ಯೋಜನೆಯ ದುಡ್ಡಿನಲ್ಲಿ ಆಗುವ ಮಾತಲ್ಲ ಎಂದೂ ಹೇಳಿದೆ.

"ಬಲೆ ಯಾಕ ಬೇಕು? ನಮ್ಮಪ್ಪ ಜ್ವಾಳದ ಹೊಲಕ್ಕ ಜಾಲಿಮುಳ್ಳು ಕಡದು ಒಟ್ಟತಿದ್ದ. ಎತ್ತರ ಅಲ್ಲ, ಅಗಲ ಇರಬೇಕು. ಚಿಗರಿ ಎತ್ತರ ಹಾರ್ತದ, ಇಲ್ಲಾ ಉದ್ದ ಹಾರ್ತದ. ಎರಡೂ ಕೂಡಿ ಹಾರೂದಿಲ್ಲ."

ಪುಸ್ತಕದಲ್ಲಿ ಇದೇ ಮಾತನ್ನು ನಾನು ಓದಿದ್ದೆ. ಕಂಟ್ರಾಕ್ಟರನಿಗೆ ಹೇಳಿದಾಗ ಅವನು ಆಂಟಿಯ ಕಡೆ ನೋಡಿ ಟೋಪಿ ಮುಟ್ಟಿದ. ಅಂಕಲ್ ಹೇಳಿದರೆಂದು ಮಲಗಿಸಿದ್ದ ಕೊಂಬೆಗಳನ್ನೆಲ್ಲ ಯಂತ್ರದಿಂದ ಮತ್ತೆ ಎತ್ತಿ, ಕಾಡುಗುಲಾಬಿಯ ಮುಳ್ಳುಪೊದೆಗಳನ್ನು ಬೇರುಸಮೇತ ಕಿತ್ತು ನಡುವೆ ತುರುಕಿ, ಆಳೆತ್ತರಕ್ಕೆ, ಅದರ ಎರಡರಷ್ಟು ಅಗಲಕ್ಕೆ ಒಟ್ಟುತ್ತ ಹೋದ. ಮೂರು ವಾರ ಹಿಡಿಯಿತು. ಕೊಂಬೆ ಸಾಕಾದದ್ದು ಮೂರು ಎಕರೆಯ ಸುತ್ತಿಗೆ ಮಾತ್ರ. ಮೊದಲೇ ಗೋಜಲಾಗಿ ಬಿಟ್ಟಿದ್ದರೆ ಎಂದು ಲೆಕ್ಕ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಾಸ್ ಬಂದು ಬೇಲಿಯ ಸುತ್ತ ಒಂದು ಸುತ್ತು ಹಾಕಿ, ನಿನಗೆ ಒಂದು ವರ್ಷ ಎಂದು ಹೇಳಿ ಹೋದರು.

ಆ ವರ್ಷ ಮರದಲ್ಲಿ ಕಾಯಿ ಇರಲಿಲ್ಲವೆಂದೇ ಹೇಳಬೇಕು. ಆಂಟಿ ಸುಮ್ಮನಿರಲಿಲ್ಲ. ಪಾರ್ಸಿಪನಿಯ ಆಫೀಸ್ ಪಾರ್ಕುಗಳ ಪಾರ್ಕಿಂಗ್ ಲಾಟಿನಲ್ಲಿ ನೆಟ್ಟ ಓಕ್‌ಗಳು ಕಾಯಿ ಬಿಟ್ಟಿದ್ದನ್ನು ಅವರು ಕಂಡಿದ್ದರು. ಅಂಕಲ್ ಕಂಪನಿಯ ಪ್ರೋಗ್ರಾಮರ್‌ಗಳು ಲಂಚ್ ಹೊತ್ತಿನಲ್ಲಿ ಬ್ಯಾಡ್ಜ್ ನೇತಾಡಿಸಿಕೊಂಡು ಕಾರುಗಳ ನಡುವೆ ಬಗ್ಗಿ ಕಾಯಿ ಆರಿಸಿದರು. ಸೀಗಿ ಹುಣ್ಣಿಮೆಯ ದಿನ ಬಕೆಟ್‌ಗಳಲ್ಲಿ ನೀರು ತುಂಬಿ ಕಾಯಿ ಸುರಿದೆವು. ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ. ಮುಳುಗಿದ್ದನ್ನು ಬೇಲಿಯೊಳಗೆ, ಅಳಿಲಿಗೆ ಸುಲಭವಾಗಿ ಸಿಗದಂತೆ ಎರಡು ಬೆರಳು ಆಳಕ್ಕೆ ಊರಿದೆವು. ಚರಗವನ್ನೂ ಬಿಡಲಿಲ್ಲ. ಒಂದು ಹಿಡಿ ಕಲಸಿದ ಅನ್ನ ಬೇಲಿಯೊಳಗೆ ಬಿತ್ತು, ಜೋಳದ ಮೂಟೆ ಬರಲಿಲ್ಲ.

ಆಂಟಿ ಮಾತ್ರ ಗುರುವಾರ ತಪ್ಪಿಸಲಿಲ್ಲ. ಅಡಿಗೆಮನೆಯ ಸ್ಟೀಲ್ ತಾಟು, ಒಂದು ಸೌಟು ಹಿಡಿದು ಬರುತ್ತಿದ್ದರು. ಅವರ ಊರಿನಲ್ಲಿ ತೆನೆ ಕಟ್ಟಿದ ಜೋಳದ ಹೊಲದಲ್ಲಿ ಅಟ್ಟ ಹತ್ತಿ ಹಕ್ಕಿ ಕಾಯುತ್ತಿದ್ದರಂತೆ, ಹಾಗೆ ಕಲ್ಲುಗೋಡೆ ಹತ್ತಿ ನಿಂತು ತಾಟು ಬಡಿಯುವರು, ಕೂಗುವರು. ಮೊದಮೊದಲು ಜಿಂಕೆಗಳು ಇದು ಯಾವ ಹೊಸ ಊಟದ ಗಂಟೆಯೋ ಎಂದು ಇನ್ನೂ ಹತ್ತಿರ ಬಂದವು. ಆಂಟಿ ಮಣ್ಣಿನ ಹೆಂಟೆ ಎಸೆದರು. ಕುಂಟನ ಪಕ್ಕೆಗೆ ಒಂದು ತಾಗಿತು. ಅಂದು ಅವರು ವ್ಯಾನಿನಲ್ಲಿ ಬಹಳ ಹೊತ್ತು ಮುಖ ಮುಚ್ಚಿಕೊಂಡು ಕೂತಿದ್ದರು. ಮುಂದಿನ ಗುರುವಾರ ಮತ್ತೆ ತಾಟು ತಂದರು. ಹಿಮ ಬಿದ್ದಾಗಲೂ ತಂದರು. ಬೇಡ ಆಂಟಿ, ಸಾಕು ಎಂದು ನಾನೇ ಒಮ್ಮೆ ಹೇಳಿದೆ.

"ಓಡೂದು ಕಲೀಲಿ ಮದ್ಲ. ಆಮ್ಯಾಗ ನಿನ್ ಕಾಗದ ತಾ."

ಜೂನ್‌ನಲ್ಲಿ ಬೇಲಿಯೊಳಗೆ ಹತ್ತು ವೃತ್ತ ಹಾಕಿ ಇಬ್ಬರೂ ಎಣಿಸಿದೆವು. ವೃತ್ತಕ್ಕೆ ಎರಡು, ಒಂದರಲ್ಲಿ ಐದು. ಮೂರು ಎಕರೆಗೆ ಸಾಕಾಗುವಷ್ಟು, ಉಳಿದ ಹದಿನೈದಕ್ಕೆ ಏನೂ ಇಲ್ಲ.

ಅಕ್ಟೋಬರ್ ಕೊನೆಯ ಗುರುವಾರ ನಾನು ಪೂಜೆಯ ಮರದ ಹತ್ತಿರ ಮೊದಲೇ ಹೋಗಿ ಕಾಯುತ್ತಿದ್ದೆ. ಕೆಳಗಿನ ಇಳುಕಲಿನಲ್ಲಿ ಜಿಂಕೆಗಳು ಎಂಟು ಹತ್ತು ಮೇಯುತ್ತಿದ್ದವು. ರಸ್ತೆಯ ತಿರುವಿನಲ್ಲಿ ಆಂಟಿಯ ವ್ಯಾನಿನ ಸದ್ದು ಕೇಳಿತು ಅಷ್ಟೆ. ತಲೆ ಎತ್ತಿದವು, ಬಿಳಿ ಬಾಲ ಎತ್ತಿದವು, ಗುಡ್ಡದಾಚೆಗೆ ಒಂದೇ ಓಟ. ಕುಂಟನೂ ಹಿಂದೆ ಬೀಳಲಿಲ್ಲ. ಆಂಟಿ ವ್ಯಾನಿನಿಂದ ಇಳಿದು, ತಾಟನ್ನು ಕೈಯಲ್ಲಿ ಹಿಡಿದುಕೊಂಡೇ, ಅವು ಹೋದ ದಾರಿಯನ್ನು ನೋಡುತ್ತ ನಿಂತರು.  ತಾಟನ್ನು ವ್ಯಾನಿನ ಬಾನೆಟ್ ಮೇಲೆ ಬೋರಲಿಟ್ಟು, ನನ್ನ ಕಡೆ ತಿರುಗದೆಯೇ ಕೈ ಚಾಚಿ, "ಪೆನ್ ಕೊಡು" ಎಂದರು. ನಾನು ಕೊಟ್ಟ ಬೇಟೆಯ ಒಪ್ಪಿಗೆ ಕಾಗದವನ್ನು ಆ ತಾಟಿನ ಬೆನ್ನ ಮೇಲಿಟ್ಟು ಸಹಿ ಹಾಕಿದರು.